ಅಜ್ಜಿಯ ಅಳತೆಗೆ ಹೊಲಿದದ್ದು

ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಕಾಲಿಟ್ಟ ಹುಡುಗರಿಗೆಲ್ಲ ಮೊದಲ ದಿನವೇ ಒಂದು ವಿಷಯ ಮನದಟ್ಟಾಗುತ್ತಿತ್ತು: ಪ್ರಿನ್ಸಿಪಾಲರ ಕೋಪವನ್ನು ತಡೆದುಕೊಳ್ಳಬಹುದು, ಹೊದಿಕೆಯಮ್ಮನ ಬಾಯಿಗೆ ಬೀಳಬಾರದು.

"ಚಪ್ಪಲಿ ಹೊರಗೆ! ಹೊರಗೆ ಅಂದ್ರೆ ಹೊರಗೆ, ಹೊಸ್ತಿಲ ಮೇಲಲ್ಲ. ಅದೇನು ಕೈಯಲ್ಲಿ, ಬಿಸ್ಕತ್ತಾ? ಕೀಬೋರ್ಡಿಗೂ ಒಂದು ಚೂರು ತಿನ್ನಿಸ್ತೀಯೇನಪ್ಪಾ?"

ಹೊದಿಕೆಯಮ್ಮ ಅನ್ನುವುದು ಹುಡುಗರೇ ಇಟ್ಟ ಹೆಸರು. ಸಭಾಂಗಣದ ಹಳೆಯ ಪರದೆಗಳನ್ನು ಕಿತ್ತು ಎಸೆಯುವಾಗ ಅವಳು ಅವನ್ನು ಮನೆಗೆ ಹೊತ್ತೊಯ್ದು, ಒಗೆದು, ಕತ್ತರಿಸಿ, ಲ್ಯಾಬಿನ ಒಂದೊಂದು ಯಂತ್ರಕ್ಕೂ ಅಂಚು ಮಡಿಚಿದ ಹೊದಿಕೆ ಹೊಲಿದು ತಂದಿದ್ದಳು. ಕೆಂಗಂದು ಬಣ್ಣದ ದಪ್ಪ ಬಟ್ಟೆ. ಸಂಜೆ ತರಗತಿ ಮುಗಿದ ಮೇಲೆ ಅವಳದೊಂದು ಕ್ರಮವಿತ್ತು. ಮೊದಲು ಯಂತ್ರ ಆರಿಸುವುದು. ಆಮೇಲೆ ಅದರ ನೆತ್ತಿಯ ಮೇಲೆ ಅಂಗೈ ಇಟ್ಟು ನೋಡುವುದು. ಬಿಸಿ ಇದ್ದರೆ ಕಾಯುವುದು. ಪೂರ್ತಿ ತಣ್ಣಗಾದ ಮೇಲಷ್ಟೇ ಹೊದಿಸುವುದು. ಬಿಸಿ ಯಂತ್ರಕ್ಕೆ ಬಟ್ಟೆ ಮುಚ್ಚಿದರೆ ಅದರ ಉಸಿರು ಕಟ್ಟುತ್ತದೆ ಅಂತ ಅವಳ ನಂಬಿಕೆ. ನಂಬಿಕೆಯೇನು, ನಿಜವೂ ಹೌದು. ಕೂಸಿನ ಜ್ವರ ನೋಡುವವಳ ಹಾಗೆ ಸಾಲಿನುದ್ದಕ್ಕೂ ನೆತ್ತಿ ಮುಟ್ಟುತ್ತಾ ನಡೆಯುವ ಅವಳನ್ನು ಕಂಡು ಹುಡುಗರು ಕಿಸಕ್ಕನೆ ನಗುತ್ತಿದ್ದರು. ಆದರೆ ಅದೇ ಹುಡುಗರು ಓದು ಮುಗಿಸಿ, ಮೀಸೆ ಬಲಿತು, ಯಾವತ್ತೋ ಕಾಲೇಜಿಗೆ ಬಂದರೆ ಮೊದಲು ಇಣುಕುತ್ತಿದ್ದದ್ದು ಆ ಕೋಣೆಗೇ.

ಅವಳು ಲ್ಯಾಬ್ ಸಹಾಯಕಿಯಾಗಿ ಅಲ್ಲಿಗೆ ಸೇರಿದಾಗ ಯಂತ್ರಗಳ ಪರದೆ ಕಪ್ಪಗಿದ್ದು, ಅಕ್ಷರ ಹಸಿರಾಗಿದ್ದವು. ಆ ಕಟ್ಟಡದಲ್ಲಿ ತಂಪು ಯಂತ್ರ ಇದ್ದದ್ದು ಆ ಒಂದು ಕೋಣೆಗೆ ಮಾತ್ರ. ಮನುಷ್ಯರಿಗಲ್ಲ, ಕಂಪ್ಯೂಟರಿಗೆ. ಬಾಗಿಲು ತೆರೆದರೆ ತಣ್ಣನೆಯ ಗಾಳಿಯ ಜೊತೆ ಹೊಸ ಪ್ಲಾಸ್ಟಿಕ್ಕಿನ, ಬಿಸಿ ಕಾಗದದ ಒಂದು ವಾಸನೆ ಮೂಗಿಗೆ ಬಡಿಯುತ್ತಿತ್ತು. ಎರಡೂ ಅಂಚಿಗೆ ತೂತಿರುವ ಕಾಗದವನ್ನು ಪ್ರಿಂಟರು ಕರಕರ ಎಂದು ಉಗುಳುತ್ತಿತ್ತು. ಆಗ ಒಂದು ತಂತ್ರಾಂಶ ಹಾಕುವುದೆಂದರೆ ಫ್ಲಾಪಿಗಳ ಒಂದು ಕಟ್ಟನ್ನೇ ಮುಂದಿಟ್ಟುಕೊಂಡು, ಒಂದನ್ನು ನುಂಗಿಸಿ, ಅದು ಅರಗುವವರೆಗೆ ಕೂತು, ಇನ್ನೊಂದನ್ನು ನುಂಗಿಸುವುದು. ಕೊನೆಯ ಫ್ಲಾಪಿ ಕೆಟ್ಟಿದ್ದರೆ ಮತ್ತೆ ಮೊದಲಿನಿಂದ. ಹಠಮಾರಿ ಮಗುವಿಗೆ ಊಟ ಮಾಡಿಸಿದ ಅನುಭವ ಇದ್ದವರಿಗೇ ಸರಿ ಆ ಕೆಲಸ.

ಅವಳಿಗೆ ಆ ಅನುಭವವೂ ಇತ್ತು. ಗಂಡ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ಇದ್ದದ್ದಕ್ಕಿಂತ ದಾರಿಯಲ್ಲಿ ಇದ್ದದ್ದೇ ಹೆಚ್ಚು. ಹೀಗಾಗಿ ಮಗಳು ಶಾಲೆ ಬಿಟ್ಟ ಕೂಡಲೇ ನೇರ ಲ್ಯಾಬಿಗೆ ಬರುತ್ತಿದ್ದಳು. ಸದ್ದು ಮಾಡಬಾರದು, ಏನನ್ನೂ ಮುಟ್ಟಬಾರದು ಎಂಬ ಕರಾರಿನ ಮೇಲೆ ಕೊನೆಯ ಮೇಜಿನ ಕೆಳಗೆ ಅವಳಿಗೊಂದು ಮನೆ. ಹಗಲು ಹೊತ್ತು ಹೊದಿಕೆಗಳಿಗೆ ಕೆಲಸವಿಲ್ಲವಲ್ಲ, ಅವನ್ನೆಲ್ಲ ಒಟ್ಟಿ ಹಾಸಿಗೆ. ಮೇಲೆ ಯಂತ್ರದ ಗುಂಯ್ ಸದ್ದು, ಆಚೆ ಈಚೆ ಹುಡುಗರ ಬರಿಗಾಲುಗಳು. ಎಷ್ಟೋ ಮಧ್ಯಾಹ್ನಗಳನ್ನು ಆ ಮಗು ಹಾಗೇ ನಿದ್ದೆಯಲ್ಲಿ ಕಳೆದಿತ್ತು.

ಆ ಕೊನೆಯ ಮೇಜಿನ ಮೇಲೆ ಈಗ ಇರುವ ಯಂತ್ರವೇ 'ಅಜ್ಜಿ'. ಲ್ಯಾಬಿನ ಸದ್ಯದ ತಂಡದಲ್ಲಿ ಎಲ್ಲಕ್ಕಿಂತ ಹಳೆಯದು. ಬಾಗಿಲ ಬಳಿ ಇರುವುದು 'ಹೊಸ ಸೊಸೆ'; ಹಳೆಯ ವಿದ್ಯಾರ್ಥಿಯೊಬ್ಬ ಉಡುಗೊರೆ ಕೊಟ್ಟದ್ದು, ಥಳಥಳ ಹೊಳೆಯುತ್ತದೆ. ನಡುವೆ ಇರುವವೆಲ್ಲ ಅಜ್ಜಿಯ ವಯಸ್ಸಿಗಿಂತ ತುಸು ಈಚಿನವು, ಒಟ್ಟಿಗೆ ಕೊಂಡ ಅಕ್ಕತಂಗಿಯರು.

ನಿವೃತ್ತಿ ಹತ್ತಿರವಾಗಿದ್ದ ಹೊತ್ತಿನಲ್ಲಿ ಪ್ರಿನ್ಸಿಪಾಲರು ಅವಳನ್ನು ಕೋಣೆಗೆ ಕರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಕೆಟ್ಟ ಸುದ್ದಿ ಹೇಳುವಾಗ ಪೇಪರ್‌ವೇಟ್ ತಿರುಗಿಸುವ ಅಭ್ಯಾಸ. ಪೇಪರ್‌ವೇಟ್ ಬುಗುರಿಯ ಹಾಗೆ ತಿರುಗುತ್ತಿತ್ತು.

"ನೋಡಮ್ಮಾ, ಸೋಮವಾರ ವಿಶ್ವವಿದ್ಯಾಲಯದವರು ಬರ್ತಾರೆ. ಈ ಡೀಪ್ ಲರ್ನಿಂಗ್ ಅಂತ ಹೊಸ ಕೋರ್ಸು, ಯಂತ್ರಕ್ಕೇ ಪಾಠ ಕಲಿಸೋದಂತೆ. ಅದಕ್ಕೊಂದು ಫ್ರೇಮ್‌ವರ್ಕ್ ಅನ್ನೋ ತಂತ್ರಾಂಶ ಇದೆಯಂತೆ, ಬಿಟ್ಟಿ ಸಿಗುತ್ತೆ, ಇಂಟರ್‌ನೆಟ್ಟಲ್ಲಿದೆ. ಅದು ನಮ್ಮ ಯಂತ್ರಗಳಲ್ಲಿ ಓಡಿದ್ರೆ ಕೋರ್ಸೂ ಉಳಿಯುತ್ತೆ, ಲ್ಯಾಬೂ ಉಳಿಯುತ್ತೆ."

"ಓಡದಿದ್ರೆ, ಸಾರ್?"

"ಹಳೆ ಬೆಂಚು ಇಡೋಕೆ ಜಾಗ ಸಾಲ್ತಾ ಇಲ್ಲ. ನಿಮ್ಮನ್ನ ಆಫೀಸಿನ ಮುಂದಿನ ಕೌಂಟರಿಗೆ ಹಾಕ್ತೀವಿ. ಸುಮ್ಮನೆ ಕೂತು ಮುದ್ರೆ ಒತ್ತೋದು, ಆರಾಮ ಕೆಲಸ."

ಇಡೀ ಹರೆಯ ಕಳೆದ ಕೋಣೆಯಿಂದ ಹೊರಬೀಳುವುದಾದರೆ ನಿವೃತ್ತಿಯ ದಿನ ತಾನೇ ಬೀಗ ಹಾಕಿ ಹೊರಬೀಳಬೇಕು. ಮುರಿದ ಬೆಂಚುಗಳಿಗೆ ಜಾಗ ಬಿಟ್ಟುಕೊಟ್ಟು ಅಲ್ಲ. "ಆಯ್ತು ಸಾರ್, ಓಡಿಸ್ತೀನಿ" ಎಂದು ಬಂದಳು.

ಕೆಲಸ ಶುರು ಮಾಡಿದ್ದು ತನ್ನ ಹಳೆಯ ಪದ್ಧತಿಯಲ್ಲೇ. ಎಲ್ಲ ಯಂತ್ರಕ್ಕೂ ಬೇರೆ ಬೇರೆಯಾಗಿ ಹಾಕುತ್ತಾ ಕೂರುವವಳಲ್ಲ ಅವಳು. ಒಂದಕ್ಕೆ ಹಾಕಿ, ಅದರ ಡಿಸ್ಕನ್ನು ಪೂರ್ತಿ ನಕಲಿಸಿ ಮಿಕ್ಕವಕ್ಕೆ ದಾಟಿಸುವುದು. ದೊಡ್ಡ ಮಗುವಿಗೆ ಹೊಲಿಸಿದ ಅಂಗಿ ಚಿಕ್ಕ ಮಕ್ಕಳಿಗೆ ಇಳಿದು ಬರುವ ಹಾಗೆ. ಹೊಸ ಸೊಸೆಯ ಮುಂದೆ ಕೂತು, ಫ್ರೇಮ್‌ವರ್ಕಿನ ಪುಟದಲ್ಲಿ ಹೇಳಿದ ಒಂದೇ ಒಂದು ಸಾಲನ್ನು ಟೈಪ್ ಮಾಡಿದಳು. ಪರದೆಯ ಮೇಲೆ ಪಟ್ಟಿ ಸರಸರ ತುಂಬಿತು, ಮುಗಿಯಿತು. ಕೂಸು ಬಾಯಿ ತೆರೆದು ತಾನೇ ಊಟ ಮಾಡಿದಷ್ಟು ಸಲೀಸು. ಪರೀಕ್ಷೆಗೆಂದು ಕೊಟ್ಟಿದ್ದ ಪುಟ್ಟ ಪಾಠವೂ ಓಡಿತು. ಅವಳು ಹೋಗಿ ಪ್ರಿನ್ಸಿಪಾಲರಿಗೆ, "ಆಯ್ತು ಸಾರ್, ನಿಶ್ಚಿಂತೆಯಿಂದಿರಿ" ಎಂದು ಹೇಳಿಯೇಬಿಟ್ಟಳು. ಶುಕ್ರವಾರವಿಡೀ ನಕಲು ಮಾಡಿದಳು, ಹಳೆಯದನ್ನೆಲ್ಲ ಅಳಿಸಿ, ಅದರ ಮೇಲೆ.

ಶನಿವಾರ ಬೆಳಿಗ್ಗೆ ಅಜ್ಜಿಯನ್ನು ಎಬ್ಬಿಸಿ ಪಾಠ ಓಡಿಸಿದರೆ, ಒಂದೇ ಸಾಲು ಬರೆದು ಮೌನವಾಯಿತು. ಆ ಸಾಲಿನ ಅರ್ಥ: ಅಕ್ರಮ ಆದೇಶ. ಪಕ್ಕದ ಯಂತ್ರ, ಅದರ ಪಕ್ಕದ್ದು, ಎಲ್ಲದರಲ್ಲೂ ಅದೇ.

ಅವಳು ಮಗಳಿಗೆ ಫೋನ್ ಮಾಡಿದಳು. ಮಗಳು ಅದೇ ಊರಿನ ಇನ್ನೊಂದು ಮೂಲೆಯಲ್ಲಿದ್ದಳು. ಯಾವುದೋ ಕಚೇರಿಯಲ್ಲಿ ಇಂಥದ್ದೇ ಕೆಲಸ. ಸದ್ಯ ಹೆರಿಗೆ ರಜೆ.

"ಅಕ್ರಮ ಅನ್ನುತ್ತೆ ಕಣೇ! ನಾನೇನು ಕದ್ದು ತಂದೆನಾ? ಬಿಟ್ಟಿ ಅಂತ ಅವರೇ ತಾನೇ ಕೊಟ್ಟಿದ್ದು?"

"ಅಮ್ಮಾ, ಮೊದಲು ಉಸಿರು ಬಿಡು. ಬರ್ತೀನಿ. ಪಾಪುಗೆ ಹಾಲು ಕುಡಿಸಿ, ಟೋಪಿ ಹಾಕಿ, ಬಿಸಿನೀರು ತಗೊಂಡು... ಅಲ್ಲಿ ಸೊಳ್ಳೆ ಇದೆಯಾ? ಧೂಳು? ವೈರುಗಳು ನೆಲದ ಮೇಲೆ ಬಿದ್ದಿವೆಯಾ?"

"ನೀನು ಬೆಳೆದದ್ದೇ ಆ ವೈರುಗಳ ನಡುವೆ, ಬಾ."

ಮಗಳು ಬಂದಾಗ ಒಂದು ಹೆಗಲಲ್ಲಿ ಕೂಸು, ಇನ್ನೊಂದರಲ್ಲಿ ಊರು ಬಿಟ್ಟು ಹೋಗುವವರ ಹಾಗೆ ಚೀಲ. ಒಳಗೆ ಕಾಲಿಟ್ಟವಳು ಒಂದು ಕ್ಷಣ ನಿಂತಳು. ಆ ವಾಸನೆ. ಪ್ಲಾಸ್ಟಿಕ್ಕು ಹಳೆಯದಾಗಿತ್ತು, ಕಾಗದ ಇಲ್ಲವಾಗಿತ್ತು, ಆದರೂ ಅದೇ ವಾಸನೆ. ಅವಳ ಕಾಲು ತನ್ನಷ್ಟಕ್ಕೆ ಚಪ್ಪಲಿ ಕಳಚಿತ್ತು.

ಅಜ್ಜಿಯ ಮುಂದೆ ಕೂತು ಆ ಸಾಲನ್ನು ಓದಿ ನಕ್ಕಳು. "ಅಮ್ಮಾ, ಅಜ್ಜಿಗೆ ಹೊಸ ಭಾಷೆ ಬರಲ್ಲ, ಅಷ್ಟೇ. ಈಗಿನ ಪ್ರೊಸೆಸರುಗಳಿಗೆ ಲೆಕ್ಕ ಬೇಗ ಮಾಡೋಕೆ ಕೆಲವು ಹೊಸ ಆದೇಶ ಕಲಿಸಿರ್ತಾರೆ. ಈ ಸಿದ್ಧ ಪ್ಯಾಕೆಟ್ಟಲ್ಲಿ ಅವೇ ತುಂಬಿವೆ. ಇವಳು ಹುಟ್ಟಿದ್ದು ಅದಕ್ಕಿಂತ ಮೊದಲು."

"ಹಾಗಾದ್ರೆ ಹಳೇದು ಹಾಕೋಣ. ಹಳೇ ಆವೃತ್ತಿ."

"ಕೋರ್ಸಿನ ಪಾಠಗಳು ಅದರಲ್ಲಿ ಓಡಲ್ಲ."

ಹೊದಿಕೆಯಮ್ಮ ತಲೆ ಮೇಲೆ ಕೈಹೊತ್ತು ಕೂತಳು. ಪ್ರಿನ್ಸಿಪಾಲರಿಗೆ ಆಯಿತು ಅಂದಾಗಿದೆ. ಅತ್ತ ಬೆಂಚುಗಳು ಬಾಗಿಲಲ್ಲೇ ಸಾಲುಗಟ್ಟಿ ನಿಂತ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು. ಮಗಳು ಕೂಸನ್ನು ತೂಗುತ್ತಾ ಒಂದೇ ಕೈಯಲ್ಲಿ ಇಂಟರ್‌ನೆಟ್ಟು ಜಾಲಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ, "ಸಿಕ್ತು!" ಎಂದು ಕೂಗಿ, ಬೆಚ್ಚಿಬಿದ್ದ ಕೂಸಿನ ಬೆನ್ನು ತಟ್ಟಿದಳು. "ಇಲ್ಲಿ ನೋಡು. ಯಾರೋ ಪುಣ್ಯಾತ್ಮ, ಇದೇ ಕಾಲದ ಯಂತ್ರ ಇಟ್ಕೊಂಡವನು, ಏನೇನು ಮಾಡ್ಬೇಕು ಅಂತ ಬರೆದಿಟ್ಟಿದ್ದಾನೆ. ಅಮ್ಮಾ, ಇದು ಓಪನ್ ಸೋರ್ಸು. ಬರೀ ಸಿದ್ಧ ಅಂಗಿ ಮಾತ್ರ ಅಲ್ಲ, ಬಟ್ಟೆ, ಕತ್ತರಿಸೋ ನಕ್ಷೆ ಎಲ್ಲಾ ಎದುರಿಗೇ ಇಟ್ಟಿದ್ದಾರೆ. ಅಜ್ಜಿ ಮೇಲೇ, ಅಜ್ಜಿಗೆ ಗೊತ್ತಿರೋ ಭಾಷೆಲೇ ಹೊಸದಾಗಿ ಕಟ್ಟಬಹುದು."

"ಅಂದ್ರೆ ನಾನು ಅಳತೆ ತಗೊಂಡದ್ದೇ ತಪ್ಪು."

"ನೀನು ಸೊಸೆ ಮೈಗೆ ಹೊಲಿದು ಅಜ್ಜಿಗೆ ತೊಡಿಸಿದೆ. ಮೊದಲು ಅಜ್ಜಿಗೆ ಹೊಲಿದ್ರೆ ಎಲ್ಲರಿಗೂ ಆಗುತ್ತೆ, ಸೊಸೆಗೂ."

"ಅವಳಿಗೆ ಸ್ವಲ್ಪ ದೊಗಳೆ ಆಗುತ್ತೇನೋ."

"ಆಗ್ಲಿ ಬಿಡು, ಸೊಸೆ ತಾನೇ, ಸುಧಾರಿಸ್ಕೋತಾಳೆ."

ಇಬ್ಬರೂ ನಕ್ಕರು. ಎಷ್ಟೋ ಕಾಲದ ಮೇಲೆ ಒಟ್ಟಿಗೆ ನಕ್ಕಂತಿತ್ತು. ಮಗು ಹುಟ್ಟಿದಂದಿನಿಂದ ಮಗಳ ಬಾಯಲ್ಲಿ ಬರೀ ಕೆಮ್ಮು, ನೆಗಡಿ, ತೂಕ. ಅಮ್ಮನ ಬಾಯಲ್ಲಿ ಬರೀ "ಏನೂ ಆಗಲ್ಲ ಬಿಡೇ".

ಮಗಳು ಆದೇಶ ಕೊಟ್ಟಳು. ಅಜ್ಜಿ ಗೊರಗೊರ ಸದ್ದು ಮಾಡಿ ಕೆಲಸಕ್ಕೆ ತೊಡಗಿತು. ಪರದೆಯ ಮೇಲೆ ಸಾಲಿನ ಮೇಲೆ ಸಾಲು. ತುಸು ಹೊತ್ತಿಗೆ ಗಕ್ಕನೆ ನಿಂತಿತು. ಕೈಗೊಂದು ಕಾಲಿಗೊಂದು ಕೆಲಸ ಒಟ್ಟಿಗೇ ಹಚ್ಚಿದ್ದರಿಂದ ಮೆಮೊರಿ ಸಾಲದೆ ಉಸಿರುಗಟ್ಟಿತ್ತು. "ವಯಸ್ಸಾದವಳಿಗೆ ಒಂದು ಸಲಕ್ಕೆ ಒಂದೇ ಹೇಳ್ಬೇಕು ಕಣೇ" ಎಂದಳು ತಾಯಿ. ಮಗಳು ಹಾಗೇ ಬದಲಿಸಿದಳು. ಈಗ ನಿಧಾನ, ಆದರೆ ನಿಲ್ಲುತ್ತಿರಲಿಲ್ಲ.

ಸಂಜೆಯಾಯಿತು. ಇನ್ನೂ ಕಾಲುಭಾಗವೂ ಆಗಿರಲಿಲ್ಲ.

"ರಾತ್ರಿಯೆಲ್ಲಾ ಓಡ್ಬೇಕಮ್ಮಾ. ಆರಿಸೋ ಹಾಗಿಲ್ಲ, ಹೊದಿಸೋ ಹಾಗಂತೂ ಇಲ್ಲವೇ ಇಲ್ಲ."

ಹೊದಿಕೆಯಮ್ಮನ ಮುಖ ಚಿಕ್ಕದಾಯಿತು. ಆ ಕೋಣೆಯಲ್ಲಿ ಒಂದೇ ಒಂದು ಯಂತ್ರವನ್ನೂ ಅವಳು ಬರಿ ಮೈಯಲ್ಲಿ, ಎಚ್ಚರವಾಗಿ ಬಿಟ್ಟು ಹೋದವಳಲ್ಲ. ಮಿಕ್ಕವಕ್ಕೆಲ್ಲ ಹೊದಿಸಿ, ಅಜ್ಜಿಯ ಹೊದಿಕೆಯನ್ನು ಮಡಿಚಿ ಪಕ್ಕದಲ್ಲಿಟ್ಟು, ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ತಿರುಗಿ ನೋಡಿದಳು. ಅಷ್ಟರಲ್ಲಿ ಕೂಸು ಎಲ್ಲಿಲ್ಲದ ರಾಗ ತೆಗೆಯಿತು. ಮಗಳು, "ಅಯ್ಯೋ, ಹೊಟ್ಟೆನೋವೇನೋ, ಕಿವಿನೋವೇನೋ!" ಎಂದು ಚಡಪಡಿಸಿದಳು. ಗಡಿಬಿಡಿಯಲ್ಲಿ ಬೀಗ ಹಾಕಿ ಹೊರಟರು.

ಭಾನುವಾರ ಬೆಳಿಗ್ಗೆ ಬಂದು ಬೀಗ ತೆಗೆದರೆ ಒಳಗೆ ನಿಶ್ಶಬ್ದ. ಅಜ್ಜಿ ಅಚ್ಚುಕಟ್ಟಾಗಿ ಹೊದ್ದು ಮಲಗಿತ್ತು. ಅಂಚು ಕೂಡ ಎಳೆದು ಸರಿಮಾಡಿತ್ತು.

ಹೊದಿಕೆಯಮ್ಮ ಓಡಿಹೋಗಿ ನೆತ್ತಿ ಮುಟ್ಟಿ ನೋಡಿದಳು, ತಣ್ಣಗಿತ್ತು. ಹಿಂದೆಯೇ ಬಂದ ವಾಚ್‌ಮನ್ ಹಲ್ಲು ಕಿರಿದ. ಇನ್ನೊಂದು ಬೀಗದ ಕೈ ಇದ್ದದ್ದು ಅವನ ಬಳಿಯೇ. ಅವಳು ಸೇರಿದ ಆಸುಪಾಸಿನಲ್ಲೇ ಸೇರಿದವನು, ಅವಳ ಬೈಗುಳದಲ್ಲೇ ಪಳಗಿದವನು.

"ಏನಮ್ಮಾ, ವಯಸ್ಸಾಯ್ತು ನಿಮಗೂ! ಒಂದು ಯಂತ್ರ ಆರಿಸೋದೇ ಮರೆತು ಹೋಗಿದ್ರಿ. ಕಿಟಕೀಲಿ ಬೆಳಕು ಕಂಡು ಎದೆ ಹಾರಿತು ನನಗೆ. ಹೊರಗೆ ಚಪ್ಪಲಿ ಬಿಟ್ಟೇ ಬಂದೆ, ಆಣೆ ಇಟ್ಟು ಹೇಳ್ತೀನಿ. ಆರಿಸಿದೆ. ಮುಟ್ಟಿ ನೋಡಿದ್ರೆ ಕೆಂಡ! ತಣ್ಣಗಾಗೋವರೆಗೂ ಇಲ್ಲೇ ಸ್ಟೂಲ್ ಮೇಲೆ ಕೂತಿದ್ದು, ಆಮೇಲೆ ಹೊದಿಸಿದೆ. ನೀವು ಹೇಳಿಕೊಟ್ಟ ಹಾಗೇ."

ಯಂತ್ರ ಉರಿಯುತ್ತಿದ್ದರೆ ಆರಿಸು, ತಣ್ಣಗಾಗದೆ ಹೊದಿಸಬೇಡ ಎಂದು ಅವನ ತಲೆಗೆ ತುಂಬಿದವಳು ಅವಳೇ. ಇಷ್ಟು ವರ್ಷಗಳಲ್ಲಿ ತಾನು ಕಲಿಸಿದ್ದನ್ನು ಚಾಚೂ ತಪ್ಪದೆ ಕಲಿತವನು ಇವನೊಬ್ಬನೇ, ಅದೂ ಇಂಥ ದಿನ.

"ಒಳ್ಳೇದು ಮಾಡಿದೆಯಪ್ಪಾ" ಎಂದಳು. ಅವನು ಹೋದ ಮೇಲೆ ಸ್ಟೂಲಿನ ಮೇಲೆ ಕುಸಿದು ಕೂತಳು. "ಮುಗೀತು ಕಣೇ. ನಾಳೆ ಬೆಳಿಗ್ಗೆ ಅವರು ಬರ್ತಾರೆ. ಸಾರಿಗೆ ಹೋಗಿ ಆಗಲಿಲ್ಲ ಅಂತ ಹೇಳಿಬಿಡ್ತೀನಿ. ಮುದ್ರೆ ಒತ್ತೋದು ಆರಾಮ ಕೆಲಸವಂತೆ."

ಮಗಳು ಹೊದಿಕೆ ತೆಗೆದು ಅಜ್ಜಿಯನ್ನು ಎಬ್ಬಿಸಿದಳು. ಅದೇ ಆದೇಶವನ್ನು ಮತ್ತೆ ಕೊಟ್ಟಳು. ಪರದೆಯನ್ನೇ ದಿಟ್ಟಿಸಿದಳು. "ಅಮ್ಮಾ, ಇಲ್ಲಿ ಬಾ. ಮೊದಲಿಂದ ಶುರು ಮಾಡ್ತಿಲ್ಲ. ಕಟ್ಟಿ ಮುಗಿಸಿದ ಭಾಗಗಳು ಹಾಗೇ ಇವೆ, ನಿಂತಲ್ಲಿಂದ ಮುಂದಕ್ಕೆ ಹೋಗ್ತಿದೆ. ಫ್ಲಾಪಿ ಕಾಲ ಅಲ್ಲಮ್ಮಾ ಇದು."

"ನಿಜ ಹೇಳ್ತಿದ್ದೀಯಾ, ಸಮಾಧಾನಕ್ಕೆ ಹೇಳ್ತಿದ್ದೀಯಾ?"

"ನಿನ್ನಾಣೆ. ವಾಚ್‌ಮನ್ ಬರೋ ಹೊತ್ತಿಗೆ ಅರ್ಧ ದಾಟಿತ್ತು."

ಹೊದಿಕೆಯಮ್ಮ ಸೆರಗಿಲ್ಲದವಳ ಹಾಗೆ ಅಂಗೈಯಲ್ಲೇ ಕಣ್ಣೊರೆಸಿಕೊಂಡಳು. ಇನ್ನು ಕಾಯುವುದೊಂದೇ ಕೆಲಸ. ಕೂಸಿಗೆ ನಿದ್ದೆ ಬಂದಿತ್ತು. ಮಗಳು ಸುತ್ತ ನೋಡಿದಳು: ಮೇಜಿನ ಮೇಲೆ ಮಲಗಿಸಿದರೆ ಬೀಳಬಹುದು, ನೆಲ ತಣ್ಣಗಿದೆ, ಫ್ಯಾನಿನ ಗಾಳಿ ನೇರ ಎದೆಗೆ ಹೊಡೆಯುತ್ತದೆ. ತಾಯಿ ಹೊದಿಕೆಗಳನ್ನೆಲ್ಲ ಬಾಚಿ ತಂದು, ಕೊಡವಿ, ಕೊನೆಯ ಮೇಜಿನ ಕೆಳಗೆ ಒಟ್ಟಿದಳು. ಮಗಳು ಧೂಳು ಇದೆಯೇ ಎಂದು ಒಮ್ಮೆ ಕೈಯಾಡಿಸಿ ನೋಡಿದಳು. ಕೂಸನ್ನು ಮಲಗಿಸಿದಳು. ಮೇಲೆ ಅಜ್ಜಿಯ ಗುಂಯ್ ಸದ್ದು. ಕೂಸು ಮುಷ್ಟಿ ಬಿಚ್ಚಿ, ತುಟಿ ಚೀಪುತ್ತಾ, ಮನೆಯಲ್ಲಿ ಎಂದೂ ಮಲಗದಷ್ಟು ಗಾಢವಾಗಿ ಮಲಗಿತು.

"ಉಸಿರಾಡ್ತಿದೆ ತಾನೇ?"

"ನೀನೂ ಹೀಗೇ ಮಲಗ್ತಿದ್ದೆ. ನಾನೂ ಪಾಠದ ನಡುವೆ ಪೆನ್ನು ಬೀಳಿಸಿದ ನೆಪ ಮಾಡಿ ಬಗ್ಗಿ, ನಿನ್ನ ಮೂಗಿನ ಹತ್ತಿರ ಬೆರಳಿಟ್ಟು ನೋಡ್ತಿದ್ದೆ."

ಮಗಳು ಅಚ್ಚರಿಯಿಂದ ತಾಯಿಯ ಮುಖ ನೋಡಿದಳು. "ನೀನಾ? ಏನೂ ಆಗಲ್ಲ ಬಿಡೇ ಅನ್ನೋಳು?"

"ಈಗ ಹೇಳ್ತೀನಿ. ಆಗ ಯಾರು ಹೇಳೋರಿದ್ರು ನನಗೆ?"

ಮಗಳು ಕೂಸಿನ ಪಕ್ಕ ಮೈ ಮುದುರಿಕೊಂಡು ತಾನೂ ಒರಗಿದಳು. ಕಾಲು ಹೊರಗೆ ಚಾಚಬೇಕಾಯಿತು. ಮೇಲೆ ನೋಡಿದರೆ ಮೇಜಿನ ಹಲಗೆಯ ಅಡಿಭಾಗ. ಅಲ್ಲಿ ಪೆನ್ಸಿಲಿನಲ್ಲಿ ಗೀಚಿದ ಅಂಕಿಗಳು. ಒಂದು. ಆಮೇಲೆ ಬೆನ್ನು ತಿರುಗಿಸಿ ನಿಂತ ಎರಡು. ಮತ್ತೆ ಎರಡು, ಅದೂ ತಿರುಗು ಮುರುಗು. ಸಾಲಾಗಿ ಅದನ್ನೇ ಬರೆದಿತ್ತು, ಹಠ ಹಿಡಿದ ಹಾಗೆ.

"ಅಮ್ಮಾ! ಇದನ್ನ ನೋಡಿದ್ದೀಯಾ?"

ತಾಯಿ ಮಂಡಿಯೂರಿ ಬಗ್ಗಿದಳು. ಯಂತ್ರಗಳ ತಲೆಮಾರುಗಳೇ ಬದಲಾಗಿದ್ದವು, ಮೇಜು ಅದೇ. ದಿನವೂ ಒರೆಸುತ್ತಿದ್ದಳು, ಮೇಲಿನಿಂದ. "ಕಳ್ಳಿ. ಏನೂ ಮುಟ್ಟಬಾರದು ಅಂದಿದ್ದೆ."

"ಮುಟ್ಟಲಿಲ್ಲವಲ್ಲ. ಬರೆದೆ."

ಹೊರಗೆ ಬೆಳಕು ಕೆಂಪಾಗುವ ಹೊತ್ತಿಗೆ ಅಜ್ಜಿಯ ಸದ್ದು ತಗ್ಗಿತು. ಮುಗಿಯಿತು ಎಂಬ ಸಾಲು ಬಂತು. ಪರೀಕ್ಷೆಯ ಪುಟ್ಟ ಪಾಠ ಇದ್ದದ್ದು ಕೈಬರಹದ ಅಂಕಿಗಳದ್ದೇ: ಸಾವಿರಾರು ಜನ ಬರೆದ ಅಂಕಿಗಳ ಚಿತ್ರ ತೋರಿಸಿ, ಇದು ಮೂರು, ಇದು ಏಳು ಎಂದು ಯಂತ್ರಕ್ಕೆ ಕಲಿಸುವುದು. ಹೊದಿಕೆಯಮ್ಮ ತಾನೇ ಆದೇಶ ಟೈಪ್ ಮಾಡಿದಳು. ಅಕ್ರಮದ ಸಾಲು ಬರಲಿಲ್ಲ. ಅಜ್ಜಿ ಮೆಲ್ಲಗೆ, ಎಣಿಸಿ ಎಣಿಸಿ ಕಲಿಯತೊಡಗಿತು.

ಮಗಳಿಗೆ ಏನು ಹೊಳೆಯಿತೋ, ಫೋನು ಹಿಡಿದು ಮೇಜಿನ ಕೆಳಗೆ ತೂರಿ, ತನ್ನ ಆ ತಿರುಗಿದ ಎರಡರ ಚಿತ್ರ ತೆಗೆದು ಯಂತ್ರಕ್ಕೆ ಕೊಟ್ಟಳು. ಅಜ್ಜಿ ಯೋಚಿಸಿತು. ಐದು, ಎಂದಿತು.

ಹೊದಿಕೆಯಮ್ಮ ಹೊಟ್ಟೆ ಹಿಡಿದು ನಕ್ಕಳು. "ನಾನೂ ನಿನಗೆ ಅದನ್ನೇ ಅಲ್ಲವೇನೇ ಹೇಳ್ತಿದ್ದದ್ದು! ಬಡಕೊಂಡೆ, ಎರಡು ಹಾಗಲ್ಲ ಅಂತ!" ನಗುತ್ತಾ ನಗುತ್ತಾ ಕಣ್ಣು ತುಂಬಿತು. ಕೂಸು ಎದ್ದು ಮಿಕಮಿಕ ನೋಡಿತು. ಆಮೇಲೆ ಇಬ್ಬರೂ ಅಜ್ಜಿಯ ಡಿಸ್ಕನ್ನು ಒಂದೊಂದಾಗಿ ಎಲ್ಲಕ್ಕೂ ನಕಲಿಸಿದರು. ಕೊನೆಗೆ ಹೊಸ ಸೊಸೆಗೂ.

ಸೋಮವಾರ ಬಂದವರಲ್ಲಿ ಹಿರಿಯರಾಗಿದ್ದ ಹೆಂಗಸು ಚಪ್ಪಲಿ ಹೊರಗೆ ಬಿಡುವಾಗ ಪ್ರಿನ್ಸಿಪಾಲರ ಕಡೆ ಹುಬ್ಬೇರಿಸಿದರು. ಪ್ರಿನ್ಸಿಪಾಲರು ತಮ್ಮ ಬೂಟು ಬಿಚ್ಚುತ್ತಾ ಕಣ್ಣು ತಪ್ಪಿಸಿದರು. ಆಕೆ ಬೇಕೆಂದೇ ಕೊನೆಯ ಮೇಜಿಗೆ ಹೋಗಿ ಕೂತು ಪಾಠ ಓಡಿಸಿದರು. ಅಜ್ಜಿ ಶುರುಮಾಡಿತು.

"ತುಂಬಾ ನಿಧಾನ ಅಲ್ವಾ ಇದು?"

"ವಯಸ್ಸಾಗಿದೆ ಮೇಡಂ. ಆದರೆ ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡಲ್ಲ."

ಆಕೆ ಕಾದರು. ಪಾಠ ಮುಗಿಯಿತು, ಉತ್ತರ ಸರಿಯಾಗಿತ್ತು. ಹೊರಡುವಾಗ ಪ್ರಿನ್ಸಿಪಾಲರಿಗೆ, ಈ ವರ್ಷಕ್ಕೆ ಇವೇ ಸಾಕು, ಮುಂದಿನ ವರ್ಷ ಹೊಸ ಯಂತ್ರ ತರಿಸಿಕೊಳ್ಳಿ ಎಂದರು. ಮುಂದಿನ ವರ್ಷಕ್ಕೆ ಹೊದಿಕೆಯಮ್ಮ ಇಲ್ಲಿ ಇರುವುದಿಲ್ಲ. ಅಜ್ಜಿಯೂ ಇರುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೆ ಅಲ್ಲಿಯವರೆಗೆ ಈ ಬಾಗಿಲಿಗೆ ಬೀಗ ಹಾಕುವವಳು ತಾನೇ.

ಸಂಜೆ ಹುಡುಗರು ಹೋದ ಮೇಲೆ ಅವಳು ಸಾಲಿನುದ್ದಕ್ಕೂ ನಡೆದಳು. ಆರಿಸಿದಳು, ನೆತ್ತಿ ಮುಟ್ಟಿದಳು, ಹೊದಿಸಿದಳು. ಅಜ್ಜಿಯ ಹೊದಿಕೆ ಕೈಗೆತ್ತಿಕೊಂಡಾಗ ಅದರಲ್ಲಿ ಹಾಲಿನ, ಕೂಸಿನ ಪೌಡರಿನ ವಾಸನೆಯಿತ್ತು. ಅಂಗೈ ಇಟ್ಟು ನೋಡಿದಳು. ಇನ್ನೂ ಬಿಸಿ ಇತ್ತು. ಇಡೀ ದಿನ ದುಡಿದದ್ದಲ್ಲವೇ.

ಬಾಗಿಲಲ್ಲಿ ವಾಚ್‌ಮನ್ ಇಣುಕಿದ. "ಇನ್ನೂ ಹೊರಡಲಿಲ್ವಾ ಅಮ್ಮಾ? ನೀವು ಹೋಗಿ, ಇದೊಂದನ್ನ ನಾನು ಹೊದಿಸ್ತೀನಿ."

"ಬೇಡ ಕಣಪ್ಪಾ" ಎಂದಳು ಅವಳು, ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂರುತ್ತಾ. "ನನಗೇನೂ ಅವಸರವಿಲ್ಲ."